ಕಳುವಾದದ್ದು ಕೋಡ್, ಸಿಟ್ಟು ದಿನಾಂಕದ ಮೇಲೆ

ಪ್ರಶ್ನೆ: ಹಾಫ್-ಲೈಫ್ 2 ಎಂಬ ವಿಡಿಯೋ ಗೇಮ್ ಬಿಡುಗಡೆಯಾಗುವ ಮೊದಲೇ, 2003ರಲ್ಲಿ, ಅದರ ಸೋರ್ಸ್ ಕೋಡ್ (ಪ್ರೋಗ್ರಾಮರುಗಳು ಬರೆದ ಮೂಲ ಪಠ್ಯ) ಕಳುವಾಗಿ ಇಂಟರ್ನೆಟ್ಟಿನಲ್ಲಿ ಹರಿದಾಡಿತ್ತೆಂದು ಇತ್ತೀಚೆಗೆ ಓದಿದೆ. ಆಗ ಅಭಿಮಾನಿಗಳಲ್ಲಿ ಕೆಲವರು ಕಳ್ಳನನ್ನು ಹುಡುಕಲು ನೆರವಾದರೆ, ಇನ್ನು ಕೆಲವರು ಕಂಪನಿಯ ಮೇಲೆಯೇ ಹರಿಹಾಯ್ದರಂತೆ. ಮನೆಗೆ ಕನ್ನ ಬಿದ್ದವನನ್ನೇ ಬೈಯುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಅವರು ಹಾಗೇಕೆ ನಡೆದುಕೊಂಡರು? ಕಂಪನಿ ನಿಜವಾಗಿಯೂ ಸುಳ್ಳು ಹೇಳಿತ್ತೇ, ಅದನ್ನು ಆ ಕೋಡ್ ಸಾಬೀತುಪಡಿಸಿತೇ? ನಾನು ಪ್ರೋಗ್ರಾಮಿಂಗ್ ಕಲಿಯುತ್ತಿದ್ದೇನೆ. ಆ ಕೋಡ್ ಈಗಲೂ ಸಿಗುತ್ತದೆ ಎನ್ನುತ್ತಾರೆ. ಕಲಿಕೆಗಾಗಿ ಅದನ್ನು ಓದಬಹುದೇ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಉತ್ತರ ಕಳುವಿನಲ್ಲಿ ಸಿಗುವುದಿಲ್ಲ, ಕಳುವಿಗೆ ಹಿಂದಿನ ಕೆಲವು ವಾರಗಳಲ್ಲಿ ಸಿಗುತ್ತದೆ. ಬಿಡುಗಡೆಯಾಗದ ಗೇಮ್ ಒಂದರ ಕೋಡ್ ಸೋರಿದಾಗ ಅಭಿಮಾನಿಗಳು ಮರುಗುತ್ತಾರೋ ಕೆರಳುತ್ತಾರೋ ಎಂಬುದು ಬಹುಮಟ್ಟಿಗೆ ಅದರ ಹಿಂದಿನ ದಿನವೇ ತೀರ್ಮಾನವಾಗಿರುತ್ತದೆ. ಕಂಪನಿಯ ಮಾತಿನ ಮೇಲೆ ಆ ದಿನ ಎಷ್ಟು ನಂಬಿಕೆ ಉಳಿದಿತ್ತೋ ಅಷ್ಟೇ ಮರುಕ ಮಾರನೆಯ ದಿನ ಹುಟ್ಟುತ್ತದೆ. ಹಾಫ್-ಲೈಫ್ 2ರ ವಿಷಯದಲ್ಲಿ ಆ ನಂಬಿಕೆ ತೀರ ತೆಳುವಾಗಿದ್ದ ಹೊತ್ತಿನಲ್ಲೇ ಕೋಡ್ ಹೊರಬಿತ್ತು.

ನಡೆದದ್ದನ್ನು ಸ್ವಲ್ಪ ವಿವರವಾಗಿ ನೋಡೋಣ. 1998ರಲ್ಲಿ ಬಂದ ಮೊದಲ ಹಾಫ್-ಲೈಫ್‌ನಿಂದ ಹೆಸರು ಮಾಡಿದ ವಾಲ್ವ್ ಕಂಪನಿ, ಅದರ ಮುಂದಿನ ಭಾಗವನ್ನು ವರ್ಷಗಟ್ಟಲೆ ಗುಟ್ಟಾಗಿ ಇಟ್ಟುಕೊಂಡು, 2003ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನ ಇ3 ಎಂಬ ವಿಡಿಯೋ ಗೇಮ್ ಮೇಳದಲ್ಲಿ ಒಮ್ಮೆಲೇ ತೋರಿಸಿತು. ನೀರಿನಲ್ಲಿ ತೇಲುವ ಮರದ ಹಲಗೆಗಳು, ಕಣ್ಣಿನಲ್ಲಿ ಕಣ್ಣಿಟ್ಟು ಮಾತಾಡುವ ಪಾತ್ರಗಳು, ಎತ್ತಿ ಎಸೆಯಬಹುದಾದ ಸಾಮಾನುಗಳು, ಬಾಗಿಲು ಒದ್ದು ಒಳನುಗ್ಗುವ ಸೈನಿಕರು, ಇವೆಲ್ಲ ಆ ಕಾಲಕ್ಕೆ ಕಣ್ಣನ್ನೇ ನಂಬಲಾಗದಷ್ಟು ಹೊಸವು. ಬಿಡುಗಡೆಯ ದಿನವನ್ನೂ ಅಂದೇ ಘೋಷಿಸಲಾಯಿತು: ಅದೇ ವರ್ಷದ ಸೆಪ್ಟೆಂಬರ್ 30. ಆ ಬೇಸಿಗೆಯಲ್ಲಿ ಆಗಾಗ ಅನುಮಾನಗಳು ಎದ್ದರೂ ಕಂಪನಿ ದಿನಾಂಕವನ್ನು ಬಿಟ್ಟುಕೊಡಲಿಲ್ಲ. ಸೆಪ್ಟೆಂಬರ್ ತಿಂಗಳಿನಲ್ಲಿ ವಾಲ್ವ್ ಮುಖ್ಯಸ್ಥ ಗೇಬ್ ನ್ಯೂವೆಲ್ ಸ್ವತಃ ಗ್ರಾಫಿಕ್ಸ್ ಕಾರ್ಡ್ ತಯಾರಕ ಎಟಿಐ ಏರ್ಪಡಿಸಿದ್ದ ಪತ್ರಕರ್ತರ ಕೂಟದಲ್ಲಿ ತಮ್ಮ ಗೇಮ್ ಯಾವ ಕಾರ್ಡಿನ ಮೇಲೆ ಎಷ್ಟು ವೇಗವಾಗಿ ಓಡುತ್ತದೆ ಎಂದು ಲೆಕ್ಕ ಒಪ್ಪಿಸಿದ್ದರು. ಎಟಿಐಯ ಹೊಸ ರೇಡಿಯಾನ್ ಕಾರ್ಡುಗಳ ಜೊತೆಗೆ ಹಾಫ್-ಲೈಫ್ 2ರ ಕೂಪನ್ನನ್ನೂ ಕೊಡುವುದೆಂದಾಯಿತು. ಅಂದರೆ ಈ ಗೇಮ್‌ಗೋಸ್ಕರವೇ ದುಬಾರಿ ಕಾರ್ಡ್ ಕೊಳ್ಳಲು ಅಣಿಯಾದ ದೊಡ್ಡದೊಂದು ಗುಂಪು ಆಗಲೇ ಇತ್ತು. ಹೇಳಿದ ದಿನಕ್ಕೆ ಇನ್ನೇನು ಒಂದು ವಾರವಿದೆ ಎನ್ನುವಾಗ, ಗೇಮ್ ಆ ದಿನ ಬರುವುದಿಲ್ಲ, ವರ್ಷದ ಕೊನೆಯ ರಜಾಕಾಲಕ್ಕೆ ಬರುತ್ತದೆ ಎಂಬ ಸುದ್ದಿ ಬಂತು. ಒಂದು ವಾರದ ಹಿಂದಷ್ಟೇ ಗೊತ್ತಾಗುವಂಥ ಸಂಗತಿ ಇದಲ್ಲ ಎನ್ನುವುದು ಕಾದಿದ್ದವರಿಗೆಲ್ಲ ತಿಳಿಯಿತು. ಮುರಿದದ್ದು ಅಲ್ಲಿ.

ಸೋರ್ಸ್ ಕೋಡ್ ಹೊರಬಿದ್ದದ್ದು ಇದರ ಬೆನ್ನಿಗೇ. ಅಕ್ಟೋಬರ್ 2ರಂದು ನ್ಯೂವೆಲ್ ಅಭಿಮಾನಿಗಳನ್ನು ಉದ್ದೇಶಿಸಿ ಒಂದು ಟಿಪ್ಪಣಿ ಬರೆದು, ಹರಿದಾಡುತ್ತಿರುವುದು ತಮ್ಮ ಗೇಮ್‌ನ ಕೋಡೇ ಎಂದು ಒಪ್ಪಿಕೊಂಡರು. ಸೆಪ್ಟೆಂಬರ್ 11ರ ಸುಮಾರಿಗೆ ತಮ್ಮ ಇಮೇಲ್ ಖಾತೆಯನ್ನು ಬೇರೆ ಯಾರೋ ನೋಡುತ್ತಿದ್ದರು, ಆ ಬಳಿಕ ತಮ್ಮ ಕಂಪ್ಯೂಟರ್ ಚಿತ್ರವಿಚಿತ್ರವಾಗಿ ವರ್ತಿಸತೊಡಗಿತು, ವೈರಸ್ ಹುಡುಕಿದರೂ ಸಿಗದೆ ಡಿಸ್ಕನ್ನೇ ಅಳಿಸಿ ಹೊಸದಾಗಿ ಹಾಕಿದ್ದಾಯಿತು, ಸೆಪ್ಟೆಂಬರ್ 19ರ ಹೊತ್ತಿಗೆ ಇಡೀ ಕೋಡಿನ ನಕಲು ಹೊರಗೆ ಹೋಗಿತ್ತು ಎಂದು ಅವರು ವಿವರಿಸಿದರು. ಕಂಪನಿಯ ಹಲವು ಕಂಪ್ಯೂಟರುಗಳಲ್ಲಿ ಕೀಲಿಮಣೆಯ ಒತ್ತುಗಳನ್ನು ಕದ್ದು ದಾಖಲಿಸುವ ಕೀಲಾಗರ್‌ಗಳು ಪತ್ತೆಯಾಗಿದ್ದವು. ಅವು ವಾಲ್ವ್‌ಗೆಂದೇ ಸಿದ್ಧಪಡಿಸಿದಂತಿದ್ದು, ವೈರಸ್ ಹಿಡಿಯುವ ತಂತ್ರಾಂಶಗಳ ಕಣ್ಣಿಗೆ ಬಿದ್ದಿರಲಿಲ್ಲ. ಕೊನೆಯಲ್ಲಿ, ಯಾರಿಗಾದರೂ ಏನಾದರೂ ಗೊತ್ತಿದ್ದರೆ ತಿಳಿಸಿ ಎಂದು ಒಂದು ಇಮೇಲ್ ವಿಳಾಸವನ್ನೂ ಕೊಟ್ಟರು. (ಆ ಗೇಮನ್ನು ಓಡಿಸುವ ಮೂಲ ತಂತ್ರಾಂಶದ, ಅಂದರೆ ಎಂಜಿನ್ನಿನ, ಹೆಸರೇ ‘ಸೋರ್ಸ್’. ಸೋರ್ಸ್‌ನ ಸೋರ್ಸ್ ಸೋರಿತು ಎಂಬ ಮಾತನ್ನು ಕನ್ನಡದಲ್ಲಿ ಹೇಳಿದಷ್ಟು ಚೆನ್ನಾಗಿ ಬೇರೆ ಭಾಷೆಯಲ್ಲಿ ಹೇಳಲಾಗದು.)

ಈ ಟಿಪ್ಪಣಿಯಲ್ಲಿ ಒಂದು ಅಪರೂಪದ ಗುಣವಿತ್ತು. ವಕೀಲರು ತಿದ್ದಿದ ಹೇಳಿಕೆಯ ಧಾಟಿ ಅದರಲ್ಲಿರಲಿಲ್ಲ. ಏನಾಯಿತು, ಯಾವ ದಿನ ಆಯಿತು, ನಾವು ಎಲ್ಲಿ ಎಡವಿದೆವು ಎಂದು ಒಬ್ಬ ಎಂಜಿನಿಯರ್ ಇನ್ನೊಬ್ಬ ಎಂಜಿನಿಯರನಿಗೆ ಹೇಳುವ ರೀತಿಯಲ್ಲಿತ್ತು. ಅದಕ್ಕೆ ಸ್ಪಂದಿಸಿದವರು ಕಡಿಮೆಯೇನಲ್ಲ. ಎಷ್ಟೋ ಜನ ತಾವು ಕಂಡ ಚಾಟ್ ಕೊಠಡಿಗಳ ಮಾತುಗಳನ್ನು, ಬಳಕೆದಾರರ ಅಡ್ಡಹೆಸರುಗಳನ್ನು, ಫೈಲ್ ಹಂಚುತ್ತಿದ್ದ ಸರ್ವರುಗಳ ವಿವರಗಳನ್ನು ಕಲೆಹಾಕಿ ಕಳಿಸಿದರು. ನೀವು ಓದಿದ ‘ಹುಡುಕಲು ನೆರವಾದವರು’ ಇವರು. ಆದರೆ ಅದೇ ದಿನಗಳಲ್ಲಿ ಇನ್ನೊಂದು ಗುಂಪು, ತಡವಾದುದಕ್ಕೆ ನೆಪ ಬೇಕಾಗಿ ಕಂಪನಿಯೇ ಈ ಕಳುವಿನ ನಾಟಕವಾಡಿರಬೇಕು ಎನ್ನುವವರೆಗೂ ಹೋಯಿತು. ಅದು ಶುದ್ಧ ಕಟ್ಟುಕಥೆ. ಆಮೇಲೆ ನಡೆದ ಪೊಲೀಸ್ ತನಿಖೆ, ಬಂಧನ, ಶಿಕ್ಷೆ ಎಲ್ಲವೂ ಅದನ್ನು ಸುಳ್ಳು ಮಾಡಿದವು. ಆದರೆ ಅಂಥ ಕಟ್ಟುಕಥೆ ಯಾವ ನೆಲದಲ್ಲಿ ಮೊಳೆಯಿತು ಎಂಬುದು ಮುಖ್ಯ. ವಾರದ ಹಿಂದೆ ದಿನಾಂಕದ ಬಗ್ಗೆ ಆಡಿದ ಮಾತು ಹುಸಿಯಾಗಿತ್ತು. ಈ ವಾರ ಅದೇ ಬಾಯಿ ಕಳುವಿನ ಸುದ್ದಿ ಹೇಳಿದಾಗ ಕೆಲವರ ಕಿವಿಗೆ ಅದೂ ಹುಸಿಯಂತೆಯೇ ಕೇಳಿಸಿತು.

ಇನ್ನು ಕೋಡ್ ಏನನ್ನು ಸಾಬೀತುಪಡಿಸಿತು ಎಂಬ ಎರಡನೆಯ ಪ್ರಶ್ನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಏಕೆಂದರೆ ಗೊಂದಲ ಹೆಚ್ಚಿರುವುದೇ ಇಲ್ಲಿ.

ಸೋರ್ಸ್ ಕೋಡ್ ಎಂದರೆ ಪ್ರೋಗ್ರಾಮರುಗಳು ಬರೆದ ಪಠ್ಯ, ಅಷ್ಟೆ. ಅದನ್ನು ಕಂಪೈಲ್ ಮಾಡಿದಾಗ, ಅಂದರೆ ಕಂಪ್ಯೂಟರಿಗೆ ಅರ್ಥವಾಗುವ ರೂಪಕ್ಕೆ ತಿರುಗಿಸಿದಾಗ, ಓಡುವ ಪ್ರೋಗ್ರಾಂ ಸಿಗುತ್ತದೆಯೇ ಹೊರತು ಆಡುವ ಆಟ ಸಿಗುವುದಿಲ್ಲ. ಆಟಕ್ಕೆ ಮ್ಯಾಪ್‌ಗಳು (ಆಟ ನಡೆಯುವ ಜಾಗಗಳು), ಮಾಡೆಲ್‌ಗಳು, ಚಿತ್ರಗಳು, ಧ್ವನಿಗಳು, ಪಾತ್ರಗಳ ಚಲನೆ ಎಲ್ಲವೂ ಬೇಕು. ಅಕ್ಟೋಬರ್ ಮೊದಲ ದಿನಗಳಲ್ಲಿ ಹೊರಬಂದದ್ದು ಕೇವಲ ಕೋಡ್. ಅದನ್ನು ಇಳಿಸಿಕೊಂಡವರಲ್ಲಿ ಬಹುಪಾಲು ಜನರಿಗೆ ತೆರೆದು ನೋಡಿದರೆ ಸಿಕ್ಕಿದ್ದು ಸಾವಿರಾರು ಫೈಲುಗಳ ಒಂದು ಗೋಜಲು. ಕೆಲವು ದಿನಗಳ ನಂತರ ಮ್ಯಾಪ್‌ಗಳ ಸಮೇತ, ಕಷ್ಟಪಟ್ಟು ಓಡಿಸಬಹುದಾದ ಒಂದು ಅರೆಬೆಂದ ಬಿಲ್ಡ್ (ಗೇಮ್‌ನ ಆ ಹೊತ್ತಿನ ಆವೃತ್ತಿ) ಕೂಡ ಹೊರಬಂತು. ಇ3ಯಲ್ಲಿ ತೋರಿಸಿದ ಸನ್ನಿವೇಶಗಳನ್ನೇ ಜನ ತಮ್ಮ ಮನೆಯ ಕಂಪ್ಯೂಟರಿನಲ್ಲಿ ಆಡಿ ನೋಡಿದ್ದು ಆಗ. ‘ವಾಲ್ವ್ ನಮಗೆ ಮಂಕುಬೂದಿ ಎರಚಿತ್ತು’ ಎಂಬ ದೂರು ಗಟ್ಟಿಯಾದದ್ದೂ ಆಗಲೇ. ಸೈನಿಕರು ತಾವಾಗಿ ಯೋಚಿಸಿ ಬಾಗಿಲು ಒಡೆಯುತ್ತಾರೆ ಎಂದು ಅಭಿಮಾನಿಗಳು ಅಂದುಕೊಂಡಿದ್ದರು. ಮ್ಯಾಪ್ ತೆರೆದು ನೋಡಿದರೆ, ಆಟಗಾರ ಇಂಥ ಗೆರೆ ದಾಟಿದಾಗ ಸೈನಿಕ ಇಂಥ ಬಾಗಿಲ ಬಳಿ ಬಂದು ಒದೆಯಬೇಕು ಎಂದು ಮೊದಲೇ ಹೊಂದಿಸಿಟ್ಟಿತ್ತು.

ಇದು ಮೋಸವೇ? ನನ್ನ ಅಭಿಪ್ರಾಯದಲ್ಲಿ, ಮೇಳಕ್ಕೆಂದು ಮಾಡಿದ ಪ್ರದರ್ಶನವನ್ನು ಹೀಗೆ ಹೊಂದಿಸಿಡುವುದು ಮೋಸವಲ್ಲ. ದಿನವಿಡೀ ಒಂದಾದ ಮೇಲೊಂದು ಗುಂಪಿನ ಮುಂದೆ ಅದೇ ದೃಶ್ಯ ತಪ್ಪಿಲ್ಲದೆ ನಡೆಯಬೇಕಾದರೆ ಬೇರೆ ದಾರಿಯಿಲ್ಲ. ಸಿದ್ಧ ಗೇಮ್‌ಗಳಲ್ಲೂ ಎಷ್ಟೋ ದೃಶ್ಯಗಳು ಹೀಗೆಯೇ ನಡೆಯುತ್ತವೆ. ಆದರೆ ಇದೆಲ್ಲ ಹೊಂದಿಸಿಟ್ಟದ್ದು ಎಂದು ಆಗ ಬಿಡಿಸಿ ಹೇಳುವ ಅವಸರ ಕಂಪನಿಗಿರಲಿಲ್ಲ, ನೋಡಿದವರು ತಾವೇ ಕಲ್ಪಿಸಿಕೊಂಡದ್ದರ ಲಾಭವನ್ನು ಅದು ಪಡೆಯಿತು ಎಂಬುದನ್ನೂ ಮರೆಯಬಾರದು. ಇನ್ನೊಂದು ಸೂಕ್ಷ್ಮ ಸಂಗತಿಯಿದೆ. ಬರಿಯ ಕೋಡ್ ಓದಿ ‘ಎಲ್ಲ ಮೊದಲೇ ಹೊಂದಿಸಿದ್ದು, ಬುದ್ಧಿಯಿಲ್ಲ’ ಎಂದು ತೀರ್ಪು ಕೊಟ್ಟವರು ಓದಲಾಗದ್ದನ್ನು ಓದಿದ್ದರು, ಏಕೆಂದರೆ ಆ ಹೊಂದಾಣಿಕೆ ಇರುವುದು ಮ್ಯಾಪ್‌ನಲ್ಲಿ, ಕೋಡಿನಲ್ಲಲ್ಲ. ಕೋಡಿನಲ್ಲಿರುವುದು ಸೈನಿಕನಿಗೆ ಏನೇನು ಮಾಡಲು ಬರುತ್ತದೆ ಎಂಬುದು. ಅವನು ಯಾವ ಜಾಗದಲ್ಲಿ, ಯಾವಾಗ ಅದನ್ನು ಮಾಡಬೇಕು ಎಂಬುದು ಮ್ಯಾಪ್ ಕಟ್ಟಿದವರ ಕೈಯಲ್ಲಿರುತ್ತದೆ.

ತಯಾರಿಯ ನಡುವಿನ ಗೇಮ್ ನೋಡಲು ಸದಾ ಕುರೂಪಿಯೇ. ಗೋಡೆಗಳಿಗೆ ಬಣ್ಣವಿರುವುದಿಲ್ಲ, ಪಾತ್ರಗಳು ಕೈಚಾಚಿ ಬೊಂಬೆಗಳಂತೆ ನಿಂತಿರುತ್ತವೆ, ಕೋಡಿನಲ್ಲಿ ‘ಇದನ್ನು ಆಮೇಲೆ ಸರಿಪಡಿಸಬೇಕು’ ಎಂಬ ಟಿಪ್ಪಣಿಗಳು ತುಂಬಿರುತ್ತವೆ, ಮೂರು ಸಲ ಬರೆದು ಬಿಟ್ಟ ಭಾಗ ನಾಲ್ಕನೆಯದರ ಪಕ್ಕದಲ್ಲೇ ಬಿದ್ದಿರುತ್ತದೆ. ಹೊರಗಿನವರಿಗೆ ಇದು ಸೋಮಾರಿತನದ ಗುರುತು. ಒಳಗಿನವರಿಗೆ ಕೆಲಸ ನಡೆಯುತ್ತಿರುವುದರ ಗುರುತು. 2002ರ ಕೊನೆಯಲ್ಲಿ ಡೂಮ್ 3 ಎಂಬ ಗೇಮ್‌ನ ಮೇಳದ ಪ್ರದರ್ಶನ ಬಿಲ್ಡ್ ಸೋರಿದಾಗಲೂ ಜನ ಅದನ್ನು ತಮ್ಮ ಕಂಪ್ಯೂಟರಿನಲ್ಲಿ ಓಡಿಸಿ, ಮುಗ್ಗರಿಸುತ್ತಿದೆ ಎಂದು ತೀರ್ಪು ಕೊಟ್ಟಿದ್ದರು. ಸಿದ್ಧವಾದ ಗೇಮ್ ಬಂದದ್ದು 2004ರ ಆಗಸ್ಟಿನಲ್ಲಿ. ಇಪ್ಪತ್ತು ವರ್ಷ ಕಳೆದರೂ ಈ ಅಭ್ಯಾಸ ಬದಲಾಗಿಲ್ಲ. 2022ರ ಸೆಪ್ಟೆಂಬರ್ 18ರಂದು ಗ್ರ್ಯಾಂಡ್ ಥೆಫ್ಟ್ ಆಟೋ 6ರ ತಯಾರಿಯ ಸುಮಾರು 90 ವಿಡಿಯೋಗಳು ಹೊರಬಿದ್ದಾಗ, ಗ್ರಾಫಿಕ್ಸ್ ಇಷ್ಟು ಕಳಪೆಯೇ ಎಂದು ಮೂಗು ಮುರಿದವರಿದ್ದರು. ಗೇಮ್ ತಯಾರಿಯಲ್ಲಿ ಮೊದಲು ಮುಗಿಯುವುದೇ ಗ್ರಾಫಿಕ್ಸ್ ಎಂದು ಒಬ್ಬರು ಖಡಾಖಂಡಿತವಾಗಿ ಬರೆದದ್ದು ಈ ಉದ್ಯಮದವರ ನಡುವೆ ದೊಡ್ಡ ನಗೆಹಬ್ಬವಾಯಿತು. ಆಗ ಬೇರೆ ಬೇರೆ ಕಂಪನಿಗಳ ಡೆವಲಪರ್‌ಗಳು ತಮ್ಮ ಹೆಸರಾಂತ ಗೇಮ್‌ಗಳ ಆರಂಭದ ದಿನಗಳ ವಿಡಿಯೋಗಳನ್ನು ತಾವೇ ಹೊರಗೆ ಬಿಟ್ಟರು. ಗ್ರಾಫಿಕ್ಸ್‌ಗೆ ಪ್ರಶಸ್ತಿ ಗೆದ್ದ ಕಂಟ್ರೋಲ್ ಎಂಬ ಗೇಮ್‌ನ ಆರಂಭದ ರೂಪದಲ್ಲಿ ಬರಿಯ ಬೂದುಬಣ್ಣದ ಡಬ್ಬಗಳಷ್ಟೇ ಕಾಣುತ್ತಿದ್ದವು. ಸೋರಿಕೆಗೆ ಡೆವಲಪರ್‌ಗಳ ಕಡೆಯಿಂದ ಬಂದ ಉತ್ತರಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದು. ಒಂದು ವಾರದಲ್ಲಿ ಅಷ್ಟು ಜನರಿಗೆ ಗೇಮ್ ಹೇಗೆ ತಯಾರಾಗುತ್ತದೆ ಎಂದು ಕಲಿಸಿದ ಪಾಠ ಬೇರೊಂದಿಲ್ಲ.

ಹೀಗೆಂದ ಮಾತ್ರಕ್ಕೆ 2003ರ ಅಭಿಮಾನಿಗಳು ಕೋಡಿನಿಂದ ತಿಳಿದದ್ದೆಲ್ಲ ತಪ್ಪು ಎಂದಲ್ಲ. ಒಂದು ವಿಷಯದಲ್ಲಿ ಅವರ ಓದು ಸರಿಯಾಗಿತ್ತು: ಆ ಗೇಮ್ ಸೆಪ್ಟೆಂಬರ್ 30ಕ್ಕೆ ಮುಗಿಯುವ ಸ್ಥಿತಿಯಲ್ಲಿ ಇರಲೇ ಇಲ್ಲ. ಒಂದೆರಡು ತಿಂಗಳ ಕೆಲಸ ಬಾಕಿಯಿದ್ದ ಸ್ಥಿತಿಯೂ ಅದಲ್ಲ. ಕಥೆಯ ದೊಡ್ಡ ದೊಡ್ಡ ಭಾಗಗಳೇ ಇನ್ನೂ ಗಟ್ಟಿಯಾಗಿರಲಿಲ್ಲ. ಹಾಗಾದರೆ ದಿನಾಂಕ ಹೇಳಿದ್ದು ಬೇಕೆಂದೇ ಆಡಿದ ಸುಳ್ಳೇ, ಅಥವಾ ತಮ್ಮ ವೇಗದ ಬಗ್ಗೆ ತಮಗೇ ಇದ್ದ ಭ್ರಮೆಯೇ? ಗೇಮ್ ತಯಾರಿಕೆಯ ಒಳಹೊರಗು ಬಲ್ಲವರು ಎರಡನೆಯದನ್ನೇ ನಂಬುತ್ತಾರೆ, ನಾನೂ ನಂಬುತ್ತೇನೆ. ಆದರೆ ಆಗಸ್ಟ್ ತಿಂಗಳ ಹೊತ್ತಿಗಾದರೂ ಆ ಭ್ರಮೆ ಹರಿದಿರಬೇಕು, ಹರಿದ ಮೇಲೂ ಮೌನವಾಗಿದ್ದುದಕ್ಕೆ ಯಾವ ಸಮರ್ಥನೆಯೂ ನನಗೆ ಸಿಗುವುದಿಲ್ಲ.

ಮುಂದಿನ ನಡೆ ಇನ್ನೂ ಗೊಂದಲ ತಂದಿತು. ಅಕ್ಟೋಬರಿನಲ್ಲೇ ಪ್ರಕಾಶಕ ಸಂಸ್ಥೆ ವಿವೆಂಡಿಯ ಕಡೆಯಿಂದ, ಕಳುವಿನ ಕಾರಣ ಗೇಮ್ ಮುಂದಿನ ವರ್ಷದ ಏಪ್ರಿಲ್‌ವರೆಗಾದರೂ ತಡವಾಗುತ್ತದೆ ಎಂಬ ಮಾತು ಬಂತು. ಇದು ಅರ್ಧಸತ್ಯ. ಸತ್ಯದ ಅರ್ಧ ಹೀಗಿದೆ: ಕಳುವಾದ ಕೋಡಿನಲ್ಲಿ ವಾಲ್ವ್‌ನ ಸ್ವಂತ ಕೋಡ್ ಮಾತ್ರವಲ್ಲದೆ, ವಸ್ತುಗಳ ಚಲನೆಯನ್ನು ಲೆಕ್ಕ ಹಾಕಲು ಹಾವೊಕ್ ಎಂಬ ಬೇರೆ ಕಂಪನಿಯಿಂದ ಪರವಾನಗಿ ಪಡೆದು ತಂದ ಕೋಡೂ ಇತ್ತು. ಜಾಲದಲ್ಲಿ ಆಡುವ ಗೇಮ್‌ಗಳಿಗೆ ಮೋಸದ ಪ್ರೋಗ್ರಾಂ ಬರೆಯುವವರಿಗೆ ಎಂಜಿನ್ನಿನ ಒಳರಚನೆ ಸಿಕ್ಕಂತಾಗಿತ್ತು. ಗೇಮ್‌ಗಳನ್ನು ಇಂಟರ್ನೆಟ್ಟಿನ ಮೂಲಕವೇ ಮಾರುವ ಸ್ಟೀಮ್ ಎಂಬ ವ್ಯವಸ್ಥೆಯನ್ನು ವಾಲ್ವ್ ಅದೇ ಸೆಪ್ಟೆಂಬರ್ 12ರಂದು ಆರಂಭಿಸಿತ್ತು; ಅದರ ಭದ್ರತೆಗೆ ಸಂಬಂಧಿಸಿದ ಭಾಗಗಳನ್ನು ಮತ್ತೆ ಬರೆಯುವುದು ಅನಿವಾರ್ಯವಾಗಿತ್ತು. ಜೊತೆಗೆ ತಿಂಗಳುಗಟ್ಟಲೆ ದುಡಿದ ಜನರ ಮನಸ್ಸು ಕುಸಿದದ್ದಕ್ಕೆ ಲೆಕ್ಕವಿಲ್ಲ. ಸುಳ್ಳಿನ ಅರ್ಧ ಎಂದರೆ, ಕಳುವಾಗದಿದ್ದರೂ ಗೇಮ್ ಬಹಳ ತಡವಾಗುತ್ತಿತ್ತು ಎಂಬುದನ್ನು ಹೇಳದೆ ಉಳಿಸಿದ್ದು. ಅಭಿಮಾನಿಗಳಲ್ಲಿ ಒಂದು ಪಾಲು ಕಳುವಿನಿಂದಲೇ ತಡವಾಯಿತು ಎಂದು ನಂಬಿತು, ಇನ್ನೊಂದು ಪಾಲು ಕಳುವು ಬರಿಯ ನೆಪ ಎಂದಿತು. ತಡವಾಗಿದ್ದ ಸಂಗತಿಯನ್ನು ಕಳುವು ಬಯಲಿಗೆಳೆಯಿತು, ಅದರ ಮೇಲೆ ತನ್ನದಿಷ್ಟು ತಡವನ್ನೂ ಸೇರಿಸಿತು; ಎರಡೂ ಒಟ್ಟಿಗೇ ನಿಜ. ಕೊನೆಗೆ ಗೇಮ್ ಬಂದದ್ದು 2004ರ ನವೆಂಬರ್ 16ರಂದು, ಮೊದಲು ಹೇಳಿದ ದಿನಕ್ಕಿಂತ ಹದಿಮೂರೂವರೆ ತಿಂಗಳು ತಡವಾಗಿ. ಅಂದು ಕೂಪನ್ ಜೊತೆ ಕೊಂಡ ಕಾರ್ಡುಗಳು ಆ ಹೊತ್ತಿಗೆ ಒಂದು ತಲೆಮಾರು ಹಳೆಯವಾಗಿದ್ದವು.

ನಾನು ಮೊದಲು ಹೇಳಿದ ಮಾತಿಗೆ, ಅಂದರೆ ಪ್ರತಿಕ್ರಿಯೆ ಹಿಂದಿನ ದಿನವೇ ತೀರ್ಮಾನವಾಗಿರುತ್ತದೆ ಎಂಬುದಕ್ಕೆ, ನಂತರದ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಸಿಡಿ ಪ್ರಾಜೆಕ್ಟ್ ಕಂಪನಿ 2020ರ ಡಿಸೆಂಬರ್ 10ರಂದು ಬಿಡುಗಡೆ ಮಾಡಿದ ಸೈಬರ್‌ಪಂಕ್ 2077, ಹಳೆಯ ಕನ್ಸೋಲ್‌ಗಳಲ್ಲಿ ಸರಿಯಾಗಿ ಓಡದೆ ಹೆಸರು ಕೆಡಿಸಿಕೊಂಡಿತ್ತು. ಎರಡು ತಿಂಗಳು ತುಂಬುವ ಮೊದಲೇ, 2021ರ ಫೆಬ್ರುವರಿಯಲ್ಲಿ, ಹ್ಯಾಕರುಗಳು ಅದರ ಜಾಲಕ್ಕೆ ನುಗ್ಗಿ ಆ ಗೇಮ್‌ನ ಕೋಡ್ ಜೊತೆಗೆ ದಿ ವಿಚರ್ 3ರ ಇನ್ನೂ ಹೊರಬರದ ಆವೃತ್ತಿಯ ಕೋಡನ್ನೂ ಕದ್ದು ಹಣ ಕೇಳಿದರು. ಕಂಪನಿ ಮಣಿಯದೆ, ಬೆದರಿಕೆಯ ಪತ್ರವನ್ನೇ ಎಲ್ಲರಿಗೂ ಕಾಣುವಂತೆ ಪ್ರಕಟಿಸಿತು. ಆ ದಿಟ್ಟತನವನ್ನು ಮೆಚ್ಚಿದವರ ಜೊತೆಗೇ ‘ತಕ್ಕ ಶಾಸ್ತಿಯಾಯಿತು’ ಎಂದವರೂ ಇದ್ದರು; ಅವರ ಸಿಟ್ಟು ಡಿಸೆಂಬರಿನದು. ಇನ್ನೊಂದು ಕಡೆ, 2023ರ ಡಿಸೆಂಬರಿನಲ್ಲಿ ರೈಸಿಡಾ ಎಂಬ ಗುಂಪು ಇನ್ಸೋಮ್ನಿಯಾಕ್ ಎಂಬ ಗೇಮ್ ಸಂಸ್ಥೆಯಿಂದ ಕದ್ದು, 50 ಬಿಟ್‌ಕಾಯಿನ್ ಸಿಗದಿದ್ದಾಗ ಹೊರಗೆ ಸುರಿದದ್ದು 1.67 ಟೆರಾಬೈಟ್, 13 ಲಕ್ಷಕ್ಕೂ ಹೆಚ್ಚು ಫೈಲುಗಳು. ತಯಾರಿಯಲ್ಲಿದ್ದ ವುಲ್ವರಿನ್ ಗೇಮ್‌ನ ಆರಂಭದ ರೂಪವೂ ಅದರಲ್ಲಿತ್ತು. ಆ ಸಂಸ್ಥೆಗೆ ಕೊಟ್ಟ ಮಾತಿನಂತೆ ಗೇಮ್ ಮುಗಿಸುವವರು ಎಂಬ ಹೆಸರಿತ್ತು. ಅಲ್ಲಿ ಮರುಕದ ದನಿಯೇ ಮೇಲಾಗಿತ್ತು, ಕದ್ದ ಚಿತ್ರಗಳನ್ನು ಹಂಚಬೇಡಿ ಎಂದು ಅಭಿಮಾನಿಗಳೇ ಒಬ್ಬರಿಗೊಬ್ಬರು ಹೇಳಿಕೊಂಡರು. ಇಲ್ಲಿ ಮರುಕಕ್ಕೆ ಇನ್ನೂ ಒಂದು ಕಾರಣವಿತ್ತು: ಸುರಿದ ರಾಶಿಯಲ್ಲಿ ನೌಕರರ ಗುರುತಿನ ದಾಖಲೆಗಳೂ ಇದ್ದವು. ‘ಕಂಪನಿಗೆ ಹೊಡೆತ’ ಎಂದು ದೂರದಿಂದ ಕಾಣುವುದು ಹತ್ತಿರದಿಂದ ನೋಡಿದಾಗ ಯಾವನೋ ಒಬ್ಬ ಆನಿಮೇಟರನ ಪಾಸ್‌ಪೋರ್ಟ್ ಆಗಿರುತ್ತದೆ.

ಕಳ್ಳನ ಬಗ್ಗೆ ಅಭಿಮಾನಿಗಳ ಭಾವನೆ ಏನಿತ್ತು ಎಂಬುದೂ ಈ ಕಥೆಯಲ್ಲಿ ಬಹಳ ತೊಡಕಿನ ಭಾಗ. ಹಾಫ್-ಲೈಫ್ 2ರ ಕೋಡನ್ನು ಕದ್ದವನು ಜರ್ಮನಿಯ ಒಬ್ಬ ಯುವಕ, ತಾನೇ ಆ ಗೇಮ್‌ನ ಕಟ್ಟಾ ಅಭಿಮಾನಿ. ಆತನೇ ನಂತರ ಹೇಳಿಕೊಂಡಂತೆ, ಗೇಮ್ ಎಲ್ಲಿಯವರೆಗೆ ಬಂದಿದೆ ಎಂದು ನೋಡುವ ತವಕವೇ ಅವನನ್ನು ವಾಲ್ವ್‌ನ ಜಾಲದೊಳಗೆ ಎಳೆದಿತ್ತು. ಕೋಡನ್ನು ಹೊರಗೆ ಹಾಕಿದವನು ತಾನಲ್ಲ, ತಾನು ಹಂಚಿಕೊಂಡ ಇನ್ನೊಬ್ಬ ಎಂದೂ ಅವನು ಹೇಳಿದ. 2004ರ ಫೆಬ್ರುವರಿಯಲ್ಲಿ ಅವನು ನ್ಯೂವೆಲ್‌ಗೆ ತಾನಾಗಿಯೇ ಬರೆದು ತಪ್ಪೊಪ್ಪಿಕೊಂಡದ್ದಲ್ಲದೆ, ವಾಲ್ವ್‌ನಲ್ಲಿ ಕೆಲಸ ಸಿಗುವುದೇ ಎಂದೂ ಕೇಳಿದ. ಕಂಪನಿ ಎಫ್‌ಬಿಐ ಜೊತೆ ಸೇರಿ ಕೆಲಸದ ಸಂದರ್ಶನದ ನೆಪದಲ್ಲಿ ಅವನನ್ನು ಅಮೆರಿಕಕ್ಕೆ ಕರೆಸಿಕೊಳ್ಳುವ ಬಲೆ ಹೆಣೆಯುತ್ತಿರುವಾಗಲೇ ಜರ್ಮನಿಯ ಪೊಲೀಸರು ಅವನನ್ನು ಆ ವರ್ಷದ ಮೇ ತಿಂಗಳಲ್ಲಿ ಬಂಧಿಸಿದರು. ಕೊನೆಗೆ ಅಲ್ಲಿನ ನ್ಯಾಯಾಲಯ ಎರಡು ವರ್ಷಗಳ, ಜೈಲಿಗೆ ಹೋಗಬೇಕಿಲ್ಲದ ಶಿಕ್ಷೆ ವಿಧಿಸಿತು. ಕಠಿಣವಾದ ಶಿಕ್ಷೆ ಬೇಕಿತ್ತು ಎಂದವರು ಅಭಿಮಾನಿಗಳಲ್ಲಿ ಇದ್ದರು, ಪಾಪದ ಹುಡುಗ ಎಂದವರೂ ಇದ್ದರು. ನನಗೆ ಇದರಲ್ಲಿ ಎದ್ದು ಕಾಣುವುದು ಬೇರೆ. ಬಿಡುಗಡೆಯಾಗದ್ದನ್ನು ನೋಡಲೇಬೇಕೆಂಬ ಅವನ ಆಸೆಗೂ, ಅಕ್ಟೋಬರಿನಲ್ಲಿ ಆ ಫೈಲನ್ನು ಇಳಿಸಿಕೊಂಡ ಅಷ್ಟೊಂದು ಜನರ ಆಸೆಗೂ ಜಾತಿಯಲ್ಲಿ ವ್ಯತ್ಯಾಸವಿರಲಿಲ್ಲ, ಅಳತೆಯಲ್ಲಿ ಮಾತ್ರ ಇತ್ತು. ಕಳ್ಳನನ್ನು ಶಪಿಸುತ್ತಲೇ ಕದ್ದ ಮಾಲನ್ನು ಇಳಿಸಿಕೊಂಡವರು ಅಂದು ಕಡಿಮೆಯಿರಲಿಲ್ಲ.

ಆ ಮಾಲಿನಿಂದ ಹುಟ್ಟಿದ ಇನ್ನೊಂದು ಪ್ರತಿಕ್ರಿಯೆ ಬಹುಕಾಲ ಬಾಳಿತು, ಅದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸೋರಿದ ಬಿಲ್ಡ್‌ನಲ್ಲಿ ಸಿದ್ಧ ಗೇಮ್‌ಗೆ ಬಾರದ ಎಷ್ಟೋ ಸಂಗತಿಗಳಿದ್ದವು: ಮಂಜಿನ ನಡುವೆ ಸಿಕ್ಕಿಕೊಂಡ ಬೋರಿಯಾಲಿಸ್ ಎಂಬ ಹಡಗು, ಹೈಡ್ರಾ ಎಂಬ ಜಂತು, ಇನ್ನೂ ಕಪ್ಪಾದ, ಉಸಿರುಗಟ್ಟಿಸುವಂಥ ಒಂದು ನಗರ. ಸಿಟ್ಟು ತಣ್ಣಗಾದ ಮೇಲೆ ಅಭಿಮಾನಿಗಳ ಒಂದು ಗುಂಪು, ಉತ್ಖನನ ಮಾಡುವವರಂತೆ, ಆ ಚೂರುಗಳನ್ನು ಜೋಡಿಸಿ ಗೇಮ್ ಮೊದಲು ಹೇಗಿರಬೇಕಿತ್ತು ಎಂದು ಊಹಿಸತೊಡಗಿತು. ಮಿಸ್ಸಿಂಗ್ ಇನ್ಫರ್ಮೇಶನ್ ಎಂಬ ಮಾಡ್ (ಅಭಿಮಾನಿಗಳೇ ಗೇಮನ್ನು ಮಾರ್ಪಡಿಸಿ ಮಾಡಿದ ರೂಪ) ಹುಟ್ಟಿದ್ದು ಹೀಗೆ. ಬೋರಿಯಾಲಿಸ್‌ನ ಹೆಸರನ್ನು ವಾಲ್ವ್ ತಾನೇ ಹಾಫ್-ಲೈಫ್ 2ರ ಮುಂದುವರಿಕೆಯಾದ 2007ರ ಎಪಿಸೋಡ್ ಟೂ ಕಥೆಯೊಳಗೆ ಮರಳಿ ತಂದಾಗ, ಅದೇನೆಂದು ಮೊದಲೇ ಬಲ್ಲವರ ಗುಂಪು ತನ್ನ ಪಾಡಿಗೆ ತಾನು ಹಿಗ್ಗಿತು. ಕಳುವಿನ ಮಾಲಿನ ಮೇಲೆ ಕಟ್ಟಿದ ಈ ಪ್ರೀತಿಯನ್ನು ಏನೆನ್ನಬೇಕೋ ನನಗೆ ಇಂದಿಗೂ ಬಗೆಹರಿದಿಲ್ಲ.

ಈಗ ನಿಮ್ಮ ಮೂರನೆಯ ಪ್ರಶ್ನೆ. ಆ ಕೋಡನ್ನು ಓದಬೇಡಿ ಎನ್ನುವುದು ನನ್ನ ಸಲಹೆ, ಮತ್ತು ಅದಕ್ಕೆ ನನ್ನ ಮೊದಲ ಕಾರಣ ಕಾನೂನಲ್ಲ. ಪ್ರೋಗ್ರಾಮರ್ ಆಗಹೊರಟವರಿಗೆ ಇದರಿಂದ ಒಂದು ವಿಚಿತ್ರ ಅಂಟುಜಾಡ್ಯ ತಗಲುತ್ತದೆ. ಕದ್ದ ಕೋಡನ್ನು ಓದಿದವರು ಮುಂದೆ ಅದೇ ಬಗೆಯದನ್ನು ತಾವು ಸ್ವತಂತ್ರವಾಗಿ ಬರೆದೆವೆಂದು ಹೇಳಿದರೆ ಯಾರೂ ಸುಲಭವಾಗಿ ನಂಬುವುದಿಲ್ಲ. ವಿಂಡೋಸ್‌ಗೆ ಹೊಂದುವ ವ್ಯವಸ್ಥೆಯನ್ನು ಸ್ವಂತವಾಗಿ ಕಟ್ಟುತ್ತಿದ್ದ ರಿಯಾಕ್ಟ್‌ಓಎಸ್ ಯೋಜನೆ, ತನ್ನ ಕೋಡಿನಲ್ಲಿ ಅನ್ಯರದು ಬೆರೆತಿದೆಯೆಂಬ ಅನುಮಾನ ಎದ್ದಾಗ 2006ರಲ್ಲಿ ಹೊಸ ಕೆಲಸ ನಿಲ್ಲಿಸಿ ಇಡೀ ಕೋಡನ್ನು ತಪಾಸಣೆಗೆ ಒಳಪಡಿಸಬೇಕಾಯಿತು. ಜೊತೆಗೆ, ಇಂಥ ಫೈಲುಗಳ ಹೆಸರಿನಲ್ಲಿ ಹರಿದಾಡುವ ಕಟ್ಟುಗಳೊಳಗೆ ಏನಿರುತ್ತದೆ ಎಂದು ಹೇಳಲಾಗದು. ಆ ಅಕ್ಟೋಬರಿನ ಕಥೆ ಆರಂಭವಾದದ್ದೇ ಒಂದು ಕಂಪ್ಯೂಟರಿನಲ್ಲಿ ಅಡಗಿ ಕೂತ ಪುಟ್ಟ ಪ್ರೋಗ್ರಾಂನಿಂದ ಎಂಬುದನ್ನು ನೆನಪಿಡಿ.

ಎಲ್ಲಕ್ಕಿಂತ ಮೇಲಾಗಿ, ಕದ್ದದ್ದನ್ನು ಓದುವ ಅಗತ್ಯವೇ ಈಗ ಉಳಿದಿಲ್ಲ. ಡೂಮ್‌ನ ಕೋಡನ್ನು ಅದರ ತಯಾರಕರೇ 1997ರಲ್ಲಿ, ಕ್ವೇಕ್‌ನದನ್ನು 1999ರಲ್ಲಿ ಬಹಿರಂಗವಾಗಿ ಕೊಟ್ಟಿದ್ದಾರೆ. ವಾಲ್ವ್ ಕೂಡ ಹಾಫ್-ಲೈಫ್ 2ರ ಆಟಕ್ಕೆ ಸಂಬಂಧಿಸಿದ ಕೋಡನ್ನು ಸೋರ್ಸ್ ಎಸ್‌ಡಿಕೆ 2013 (ಡೆವಲಪರ್‌ಗಳಿಗೆ ಕೊಡುವ ಸಾಧನಗಳ ಕಟ್ಟು) ಎಂಬ ಹೆಸರಿನಲ್ಲಿ ತಾನೇ ಪ್ರಕಟಿಸಿದೆ. 2025ರ ಫೆಬ್ರುವರಿಯಲ್ಲಿ ಟೀಮ್ ಫೋರ್ಟ್ರೆಸ್ 2ರ ಕೋಡನ್ನೂ ಅದಕ್ಕೆ ಸೇರಿಸಿತು. ಎಂಜಿನ್ನಿನ ಒಳಭಾಗ ಅದರಲ್ಲಿಲ್ಲ, ಪರವಾನಗಿಯ ಷರತ್ತುಗಳೂ ಇವೆ, ಆದರೆ ಕಲಿಯಲು ಅದು ಬೇಕಾದಷ್ಟಾಯಿತು. ಅದನ್ನು ಇಳಿಸಿಕೊಂಡು ಕಂಬೈನ್ ಸೈನಿಕನ, ಅಂದರೆ ಗೇಮ್‌ನ ಶತ್ರು ಸೈನಿಕನ, ಫೈಲನ್ನು ತೆರೆಯಿರಿ. ಒಂದು ದಳದಲ್ಲಿ ಒಂದೇ ಹೊತ್ತಿಗೆ ಎಷ್ಟು ಸೈನಿಕರು ಗುಂಡು ಹಾರಿಸಬಹುದು ಎಂಬುದಕ್ಕೆ ಅಲ್ಲಿ ‘ಸ್ಲಾಟ್’ ಎಂಬ ಏರ್ಪಾಡಿದೆ. ಜಾಗ ಸಿಗದವನು ಮರೆಗೆ ಸರಿಯುತ್ತಾನೆ, ಇಲ್ಲವೇ ಬೇರೆ ಕೆಲಸ ಹುಡುಕುತ್ತಾನೆ. ಆ ಬಳಿಕ ಎಸ್‌ಡಿಕೆಯ ಮ್ಯಾಪ್ ಎಡಿಟರಿನಲ್ಲಿ ಒಂದು ಕೋಣೆ ಕಟ್ಟಿ, ನಾಲ್ಕು ಸೈನಿಕರನ್ನು ಒಂದೇ ದಳಕ್ಕೆ ಸೇರಿಸಿ ನಿಲ್ಲಿಸಿ, ಬಾಗಿಲು ಒದೆಯುವ ಆಜ್ಞೆಯನ್ನು ಒಬ್ಬನಿಗೆ ಮಾತ್ರ ಕೊಟ್ಟು ನೋಡಿ. ಉಳಿದ ಮೂವರು ಏನು ಮಾಡುತ್ತಾರೆ ಎಂಬುದನ್ನು ಗಮನಿಸಿದರೆ, 2003ರಲ್ಲಿ ಜಗಳವಾದ ವಿಷಯದಲ್ಲಿ ಎಷ್ಟು ಬುದ್ಧಿ, ಎಷ್ಟು ಹೊಂದಾಣಿಕೆ ಎಂಬುದು ನಿಮಗೇ ತಿಳಿಯುತ್ತದೆ.